ವನವಿಹಾರವೂ ಅರ್ಪಿತ ತತ್ತ್ವವೂ

ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ—ಈ ಐದು ಶಬ್ದಗಳೂ ‘ಹೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಉಪಸರ್ಗಗಳು ಕೂಡಿದೊಡನೆ ಧಾತುವಿನ ಅರ್ಥವು ಹೇಗೆ ಬೇರೆಬೇರೆ ದಾರಿ ಹಿಡಿಯುವುದೆಂಬುದಕ್ಕೆ ವೈಯಾಕರಣರು ಇವುಗಳನ್ನೇ ನಿದರ್ಶನವಾಗಿ ಕೊಡುವರು. ಸಂಸ್ಕೃತ ಪಾಠಶಾಲೆಯ ಹುಡುಗರಿಗೆ ಇದು ಬಾಯಿಪಾಠದ ವಿಷಯ. ಆದರೆ ಮೂಲಧಾತುವಿಗೆ ಒಯ್ಯುವುದು, ತೆಗೆದುಕೊಳ್ಳುವುದು ಎಂಬ ಅರ್ಥವಿರುವುದನ್ನು ಹುಡುಗರು ಮರೆತರೂ ದೊಡ್ಡವರು ಮರೆಯಲಾಗದು. ಆಹಾರದಲ್ಲಿ ತೆಗೆದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಸಂಹಾರದಲ್ಲಿಯಂತೂ ಸರಿಯೇ ಸರಿ. ವಿಹಾರದಲ್ಲಿ ಮಾತ್ರ ಅದು ಕಾಣುವುದಿಲ್ಲ. ಬೆಳಿಗ್ಗೆ ಬರಿಗೈಯಲ್ಲಿ ಹೋದವನು ಸಂಜೆ ಬರಿಗೈಯಲ್ಲಿಯೇ ಮರಳುವನು. ಹಾಗಾದರೆ ಅವನು ತೆಗೆದುಕೊಂಡುದೇನು, ಯಾರಿಂದ, ಅವರ ಒಪ್ಪಿಗೆಯಿಂದಲೋ ಅಲ್ಲವೋ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಏಳಬೇಕಾದ ಪ್ರಶ್ನೆಯೇ ಅದು.

ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಗೃಹಸ್ಥರು ರಜೆಯ ದಿನಗಳಲ್ಲಿ ಹಳಿಯಾಳದ ಮಾರ್ಗವಾಗಿ ದಾಂಡೇಲಿಗೆ ಹೋಗುವುದು ಈಗ ವಾಡಿಕೆಯಾಗಿದೆ. 1956ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ದಾಂಡೇಲಿಯ ಕಾಡು, ಅಣಶಿಯ ರಾಷ್ಟ್ರೀಯ ಉದ್ಯಾನದೊಡನೆ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು; 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರ ಸೇರುವ ಆ ನದಿಯೇ ಈ ಸೀಮೆಯ ಜೀವನಾಡಿ. ವಿಹಾರಾರ್ಥಿಗಳ ಕಾರ್ಯಕ್ರಮ ಬಹುಮಟ್ಟಿಗೆ ಒಂದೇ ತೆರನಾಗಿರುವುದು: ನಸುಕಿನಲ್ಲಿ ಫಣಸೋಲಿಯಿಂದ ತೆರೆದ ಜೀಪಿನಲ್ಲಿ ಸಫಾರಿ, ಆಮೇಲೆ ಗಣೇಶಗುಡಿಯ ಬಳಿ ಕಾಳಿಯ ಸುಳಿಗಳಲ್ಲಿ ರಬ್ಬರು ದೋಣಿಯ ಆಟ, ಶಿಂಥೇರಿಯ ಬಂಡೆ, ಕಾಲಾವಕಾಶವಿದ್ದರೆ ಕವಳಾ ಗುಹೆ, ಸಂಜೆಯೊಳಗೆ ಉಳವಿ. ಮುಂಡಗೋಡದ ದಿಕ್ಕಿನಿಂದ ಬರುವವರು ಅತ್ತಿವೇರಿಯ ಪಕ್ಷಿಧಾಮವನ್ನೂ, 1966ರಿಂದ ಅಲ್ಲಿ ನೆಲೆಸಿರುವ ಟಿಬೇಟಿನವರ ವಸತಿಯನ್ನೂ ಕೂಡಿಸಿಕೊಳ್ಳುವರು. ಇಷ್ಟನ್ನೂ ಒಂದೆರಡು ಹಗಲಿನಲ್ಲಿ ಮುಗಿಸಿಕೊಡಲು ಬಾಡಿಗೆಯ ಜೀಪೂ, ದಾರಿ ಬಲ್ಲ ಚಾಲಕನೂ ಸಿಗುವರು. ಆ ಚಾಲಕನೇ ಮಾರ್ಗದರ್ಶಿ.

ಕವಳಾ ಗುಹೆಯ ಮಾತು ಬಂದಿತಾದ್ದರಿಂದ ಒಂದು ಸಂಗತಿ. ಅಲ್ಲಿ ಜನರು ಪೂಜಿಸುವ ಲಿಂಗಾಕಾರವನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಸುಣ್ಣದಂಶವುಳ್ಳ ನೀರು ಗುಹೆಯ ಮೇಲ್ಛಾವಣಿಯಿಂದ ತೊಟ್ಟುತೊಟ್ಟಾಗಿ ಬಿದ್ದು, ಪ್ರತಿ ತೊಟ್ಟಿನಲ್ಲಿಯೂ ಅಣುಮಾತ್ರ ಸುಣ್ಣವು ಉಳಿದು, ಸಹಸ್ರಾರು ವರ್ಷಗಳಲ್ಲಿ ಅದು ಎದ್ದುನಿಂತಿತು. ಅದನ್ನು ನೋಡಲು ನೂರಾರು ಮೆಟ್ಟಿಲಿಳಿದು ಬಂದವನು ಕೈಗಡಿಯಾರ ನೋಡಿಕೊಂಡು ಮರಳುವುದು ವಿಚಿತ್ರವಾದರೂ ಅಪರೂಪವಲ್ಲ.

ವಿಹಾರವನ್ನು ಹೀಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಲೋಕವನ್ನು ಕಂಡು ಕಣ್ಣು ಮುಚ್ಚಿಕೊಳ್ಳಿರೆಂದು ಶರಣರು ಬೋಧಿಸಲಿಲ್ಲ. ಇಂದ್ರಿಯಗಳನ್ನು ಬಡಿದು ಕೊಲ್ಲುವ ಮಾರ್ಗ ಅವರದಲ್ಲ. ಇಂದ್ರಿಯಗಳಿಗೆ ಬಂದುದನ್ನೆಲ್ಲ ಮೊದಲು ಲಿಂಗಕ್ಕೆ ಅರ್ಪಿಸಿ ಆ ಮೇಲೆ ಪ್ರಸಾದವಾಗಿ ಪಡೆಯುವ ಮಾರ್ಗ ಅವರದು. ಆಚಾರಲಿಂಗಕ್ಕೆ ಘ್ರಾಣದಿಂದ ಗಂಧ, ಗುರುಲಿಂಗಕ್ಕೆ ಜಿಹ್ವೆಯಿಂದ ರುಚಿ, ಶಿವಲಿಂಗಕ್ಕೆ ನೇತ್ರದಿಂದ ರೂಪ, ಜಂಗಮಲಿಂಗಕ್ಕೆ ತ್ವಕ್ಕಿನಿಂದ ಸ್ಪರ್ಶ, ಪ್ರಸಾದಲಿಂಗಕ್ಕೆ ಶ್ರೋತ್ರದಿಂದ ಶಬ್ದ, ಮಹಾಲಿಂಗಕ್ಕೆ ಹೃದಯದಿಂದ ತೃಪ್ತಿ—ಹೀಗೆ ಅರ್ಪಿತದ ಕ್ರಮವನ್ನು ಷಟ್‌ಸ್ಥಲ ಶಾಸ್ತ್ರವು ವಿವರಿಸುತ್ತದೆ. ಅನ್ನವನ್ನು ಅರ್ಪಿಸದೆ ಉಣ್ಣಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ರೂಪವನ್ನು ಅರ್ಪಿಸದೆ ನೋಡಬಾರದೆಂಬುದು ಮಾತ್ರ ದೊಡ್ಡವರಿಗೂ ನೆನಪಿಲ್ಲ. ಈ ಶಾಸ್ತ್ರವನ್ನು ಕ್ರಮಗೊಳಿಸಿದ ಅವಿರಳಜ್ಞಾನಿ ಚನ್ನಬಸವಣ್ಣನು ಐಕ್ಯನಾದದ್ದು ಇದೇ ಕಾಡಿನ ಉಳವಿಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿದಾಗ ಶರಣರು ಪಶ್ಚಿಮದ ಈ ಅರಣ್ಯಕ್ಕೆ ಬಂದದ್ದು ನೋಟಕ್ಕಲ್ಲ, ಆಶ್ರಯಕ್ಕೆ. ಕಾಡು ಅವರನ್ನು ಗವಿಗಳಲ್ಲಿ ಇರಿಸಿಕೊಂಡಿತು.

ಕಣ್ಣಿನ ಅರ್ಪಿತವೆಂದರೆ ಏನು? ರೂಪವನ್ನು ಅನ್ನದಂತೆ ಕರಸ್ಥಲಕ್ಕೆ ತರಲಾಗದು. ಅದಕ್ಕೆ ಬೇಕಾದುದು ಅವಧಾನ. ಅವಧಾನಕ್ಕೂ ಮುಂಚೆ ಬೇಕಾದುದು ಇನ್ನೊಂದುಂಟು: ಅರ್ಪಿಸುವ ಪದಾರ್ಥವು ನ್ಯಾಯವಾಗಿ ಬಂದುದಾಗಿರಬೇಕು. ಒಬ್ಬರ ಕೈಯಿಂದ ಕಿತ್ತು ತಂದ ಅನ್ನವನ್ನು ಎಷ್ಟು ಭಕ್ತಿಯಿಂದ ಹಿಡಿದರೂ ಅದು ಅರ್ಪಿತವಾಗದು. ನೋಟಕ್ಕೂ ಈ ನಿಯಮ ಸಲ್ಲುವುದೇ ಎಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ವಿಚಾರಿಸಬಹುದು.

ಧಾರವಾಡದ ಕಡೆಯ ಒಬ್ಬ ಗೃಹಸ್ಥನು ಫಾಲ್ಗುಣ ಮಾಸದಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಹತ್ತು ವರ್ಷದ ಮಗ ಇವರೊಡನೆ ದಾಂಡೇಲಿಗೆ ಬಂದನೆಂದು ಇಟ್ಟುಕೊಳ್ಳೋಣ. ಕೆಟ್ಟ ಮನುಷ್ಯನಲ್ಲ, ನಿತ್ಯ ಲಿಂಗಪೂಜೆ ತಪ್ಪಿಸದವನು. ಬೆಳಗಿನ ಸಫಾರಿಯಲ್ಲಿ ಜಿಂಕೆಗಳೂ ಒಂದು ಕಾಡುಕೋಣವೂ ಕಂಡವು. ಹುಲಿ ಕಾಣಲಿಲ್ಲ, ದಾಂಡೇಲಿಗೆ ಹೆಸರು ತಂದ ಕರಿಚಿರತೆಯಂತೂ ಕಾಣಲೇ ಇಲ್ಲ. ಅಲ್ಲಿಂದಲೇ ಅವನ ಮನಸ್ಸಿನಲ್ಲಿ ಒಂದು ಲೆಕ್ಕ ಮೊಳೆಯಿತು: ಇಷ್ಟು ಹಣ ಕೊಟ್ಟು ಇಷ್ಟೇ ಕಂಡಿತು. ಬಾಡಿಗೆ ಜೀಪನ್ನೇರಿ ಉಳವಿಯ ದಾರಿ ಹಿಡಿದಾಗ ಚಾಲಕನನ್ನು ಕೇಳಿದನು: “ನೀ ಆದ್ರೂ ಏನಾರ ತೋರಸ್ತೀಯೇನಪಾ?” ಚಾಲಕನು ಸೂಪಾದ ನೀರಿನಲ್ಲಿ ಊರು ಕಳೆದುಕೊಂಡವರ ಮನೆತನದ ಹುಡುಗ. “ನೋಡೂಣ್ರಿ ಸಾಹೇಬ್ರ. ಕಾಡಿನ ಮರ್ಜಿ,” ಎಂದನು.

ಪೋಟೋಲಿ ದಾಟಿ ಗುಂದದ ಕಡೆಗೆ ಹೋಗುವಾಗ ಹುಡುಗನ ಕಣ್ಣಿಗೆ ಒಂದು ದೊಡ್ಡ ಹಕ್ಕಿ ಬಿದ್ದಿತು. ಕಪ್ಪುಬಿಳಿ ಮೈ, ಬಾಗಿದ ದೊಡ್ಡ ಕೊಕ್ಕು, ಅದರ ಮೇಲೆ ಇನ್ನೊಂದು ಕೊಕ್ಕಿಟ್ಟಂತೆ ಉಬ್ಬು. ಅದು ಕೊಂಬೆಯ ಮೇಲೆ ಕುಳಿತು ಮುಂದೆಯೂ ಹೋಗದೆ ಹಾರಿಯೂ ಹೋಗದೆ ಇತ್ತು. ಚಾಲಕನು ದೂರದಲ್ಲಿಯೇ ಯಂತ್ರವನ್ನು ನಿಲ್ಲಿಸಿ ಪಿಸುಮಾತಿನಲ್ಲಿ ಹೇಳಿದನು: ಅದು ಮಂಗಟ್ಟೆ, ಅಗೋ ಆ ಮರದ ಪೊಟರೆಯಲ್ಲಿ ಅದರ ಹೆಣ್ಣು ಇದೆ.

ಮಂಗಟ್ಟೆಯ ಸಂಸಾರವು ತಿಳಿಯತಕ್ಕದ್ದು. ದಾಂಡೇಲಿಯ ಕಾಡಿನಲ್ಲಿ ಈ ಕುಲದ ನಾಲ್ಕು ಬಗೆಯ ಹಕ್ಕಿಗಳಿವೆ; 2018ರಿಂದ ಅವುಗಳ ಹೆಸರಿನ ಉತ್ಸವವೂ ಅಲ್ಲಿ ನಡೆದಿದೆ. ಬೇಸಗೆಯ ಮೊದಲಿಗೆ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆ ಮೊದಲಾದುವುಗಳಿಂದ ಮೆತ್ತಿಕೊಂಡು ತನ್ನನ್ನು ತಾನೇ ಸೆರೆಯಿಟ್ಟುಕೊಳ್ಳುವುದು. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಉಳಿಯುವುದು. ಒಳಗೆ ಮೊಟ್ಟೆಯಿಡುವಾಗ ಅದರ ರೆಕ್ಕೆಯ ಗರಿಗಳೂ ಉದುರುವುವು. ಸುಮಾರು ಮೂರು ತಿಂಗಳ ಕಾಲ ಗಂಡು ಹಕ್ಕಿಯು ಅತ್ತಿ, ಆಲ, ಬಸರಿಗಳ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಆ ಸೀಳಿನೊಳಗೆ ಕೊಡುವುದು. ಉಂಡ ಹಣ್ಣಿನ ಬೀಜಗಳನ್ನು ಕಾಡಿನ ತುಂಬ ಬಿತ್ತುವುದೂ ಈ ಹಕ್ಕಿಯೇ. ದಾಸೋಹವೆಂಬ ಶಬ್ದವನ್ನು ಹಕ್ಕಿಗೆ ಹಚ್ಚುವುದು ಅತಿಶಯವೆಂದು ಕೆಲವರು ಹೇಳಬಹುದು. ಆದರೆ ಗಂಡು ಹಕ್ಕಿ ಬಹಳ ಅಂಜುಬುರುಕ. ಮರದ ಬುಡದಲ್ಲಿ ಜನರು ನಿಂತಿರುವಷ್ಟು ಹೊತ್ತು ಪೊಟರೆಯ ಬಳಿ ಬಾರದೆ ದೂರದ ಕೊಂಬೆಯಲ್ಲಿ ಕುಳಿತಿರುವುದು. ಗಂಟಲಲ್ಲಿ ಹಣ್ಣು ತುಂಬಿದೆ. ಒಳಗೆ ಹಸಿದ ಬಾಯಿಗಳಿವೆ. ನಡುವೆ ನೋಡುವವರ ಗುಂಪು ನಿಂತಿದೆ.

ಗೃಹಸ್ಥನು ಇಳಿಯಲು ಕಾಲು ಹೊರಗಿಟ್ಟನು. ಕೈಯಲ್ಲಿ ಮೊಬೈಲಿತ್ತು.

“ಇಳೀಬ್ಯಾಡ್ರಿ ಸಾಹೇಬ್ರ. ಒಳಗ ಬಾಣಂತಿ ಅದಾಳ.”

“ಎರಡ ಮಿನಿಟು. ಒಂದ ಫೋಟೋ ಅಷ್ಟ. ಬೇಕಾದ್ರ ಮ್ಯಾಲ ರೊಕ್ಕಾ ಕೊಡತೇನಿ.”

“ರೊಕ್ಕದ ಮಾತಲ್ರಿ. ನಾವ್ ಇಲ್ಲಿಂದ ಹೋಗೂತನಾ ಅಂವ ಬರೂದಿಲ್ಲ.”

ಗೃಹಸ್ಥನ ಮುಖ ಕೆಂಪಾಯಿತು. ಬೆಳಗಿನಿಂದ ಕೊಟ್ಟ ಹಣದ ಲೆಕ್ಕವೆಲ್ಲ ಬಾಯಿಗೆ ಬಂದಿತು. ಆಗ ಹಿಂದೆ ಕುಳಿತಿದ್ದ ಮುದುಕಿ ಹೇಳಿದಳು: “ಬಾಣಂತಿ ಮನಿ ಮುಂದ ನಿಂದರಬಾರದಪಾ. ನಡೀರಿ.” ಮಗನು ಕಾಲು ಒಳಗೆಳೆದುಕೊಂಡನು. ಜೀಪು ಮುಂದೆ ಹೋಯಿತು.

ಇಲ್ಲಿ ವಿಚಾರಿಸತಕ್ಕ ಮಾತು ಹಕ್ಕಿಯದಷ್ಟೇ ಅಲ್ಲ. ಚಾಲಕನು ಹೇಳಿದುದನ್ನೇ ತಾಯಿ ಹೇಳಿದಳು. ತಾಯಿಯ ಮಾತು ನಡೆಯಿತು, ಚಾಲಕನ ಮಾತು ನಡೆಯಲಿಲ್ಲ. ಕಾರಣವೇನು? ತಾಯಿಗೆ ಬಾಡಿಗೆ ಕೊಟ್ಟಿರಲಿಲ್ಲ. ಯಾರಿಗೆ ಹಣ ಕೊಟ್ಟಿದೆಯೋ ಅವನ ಕೈಕಾಲುಗಳ ಜೊತೆಗೆ ಅವನ ವಿವೇಕವನ್ನೂ ಆ ದಿನದ ಮಟ್ಟಿಗೆ ಕೊಂಡಂತಾಯಿತೆಂಬ ಭಾವನೆ ಗೃಹಸ್ಥನಲ್ಲಿ ತಿಳಿಯದೆಯೇ ಬೇರೂರಿತ್ತು. ಇಂಥ ಭಾವನೆ ಅವನೊಬ್ಬನದಲ್ಲ. ದಿನಗೂಲಿಯವನನ್ನು ಕರೆದ ಒಕ್ಕಲಿಗನಲ್ಲಿಯೂ, ಆಳನ್ನಿಟ್ಟ ಅಂಗಡಿಕಾರನಲ್ಲಿಯೂ, ಶಿಕ್ಷಕನಿಗೆ ಸಂಬಳ ಕೊಡುವವರಲ್ಲಿಯೂ ಅದು ಕಾಣುವುದು. ಕಾಯಕವೆಂದರೆ ಹಣಕ್ಕೆ ಬದಲಾಗಿ ಮಾಡುವ ಕೆಲಸವೆಂದಷ್ಟೇ ತಿಳಿದಾಗ ಹೀಗಾಗುವುದು. ಕಾಯಕಕ್ಕೆ ಅದರದೇ ಆದ ನೇಮವಿದೆ. ಆ ನೇಮವನ್ನು ಕಾಯುವ ಅಧಿಕಾರ ಕಾಯಕ ಮಾಡುವವನದೇ ಹೊರತು ಕೂಲಿ ಕೊಡುವವನದಲ್ಲ. ಅಂಬಿಗರ ಚೌಡಯ್ಯನು ಜನರನ್ನು ಹೊಳೆ ದಾಟಿಸುತ್ತಿದ್ದನು. ಸುಳಿಯೆಲ್ಲಿದೆ, ಬಂಡೆಯೆಲ್ಲಿದೆ ಎಂಬುದು ಹುಟ್ಟು ಹಿಡಿದವನಿಗೆ ಗೊತ್ತು. ದೋಣಿಯಲ್ಲಿ ಕುಳಿತವನು ಹಾಗಲ್ಲ ಹೀಗೆ ಎಂದು ಹಟ ಹಿಡಿದರೆ ಇಬ್ಬರೂ ಮುಳುಗುವರು. ಕಾಡಿನ ಚಾಲಕನೂ ಅಂಬಿಗನೇ. ಅವನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿಲ್ಲವಾದರೆ ಅವನು ಕಾಯಕಜೀವಿಯಲ್ಲ, ಬರಿಯ ಬಾಡಿಗೆಯ ವಸ್ತು.

ಆ ‘ಬೇಡ’ ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾಗುವುದೆಂಬುದನ್ನೂ ಮರೆಯಬಾರದು. ಸಿಟ್ಟಾದ ಗಿರಾಕಿ ವಸತಿಗೃಹದ ಮಾಲೀಕನೊಡನೆ ಒಂದು ಮಾತಾಡಿದರೆ ನಾಳೆಯ ಬಾಡಿಗೆ ಇನ್ನೊಬ್ಬನಿಗೆ ಹೋಗುವುದು. ಇನ್ನೊಬ್ಬನು ಮರದ ಬುಡದವರೆಗೂ ಜೀಪನ್ನೊಯ್ದು ತೋರಿಸುವವನಾಗಿದ್ದರೆ, ಕಾಲಕ್ರಮದಲ್ಲಿ ನೇಮವಂತನು ಹಸಿದು, ನೇಮಗೇಡಿಯು ಬೆಳೆಯುವನು. ಹೀಗೆ ನೋಡುವವನ ಆತುರವು ತೋರಿಸುವವನ ಕಾಯಕವನ್ನು ಕೆಡಿಸುತ್ತದೆ. ಹಕ್ಕಿಗಾದ ಹಿಂಸೆ ಒಂದು ಗಳಿಗೆಯದು. ಮನುಷ್ಯನಿಗಾಗುವ ಈ ಕೇಡು ಬಹುಕಾಲ ಉಳಿಯುವಂಥದು.

ಬ್ರೆಜಿಲ್ ದೇಶದ ನಾಟಾಲ್ ಎಂಬ ಕಡಲೂರಿನ ಬಳಿ ಜೆನಿಪಾಬು ಎಂಬಲ್ಲಿ ದೊಡ್ಡ ಮರಳುದಿಬ್ಬಗಳಿವೆ. ಅವುಗಳ ಮೇಲೆ ಪ್ರವಾಸಿಗಳನ್ನು ದಿನವಿಡೀ ಸುತ್ತಿಸಲು ದಪ್ಪ ಚಕ್ರದ, ಮೇಲೆ ತೆರೆದ ಹಗುರ ಬಂಡಿಗಳಿವೆ. ಡ್ಯೂನ್ ಬಗ್ಗಿಯೆಂದು ಅವುಗಳ ಹೆಸರು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೂಸ್ ಮೇಯರ್ಸ್ ಎಂಬವನು 1964ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಯಂತ್ರಕ್ಕೆ ಫೈಬರ್ ಗ್ಲಾಸಿನ ಮೈ ಹೊಂದಿಸಿ ಕಟ್ಟಿದ ಬಂಡಿಯಿಂದ ಇವು ಲೋಕಪ್ರಸಿದ್ಧವಾದವು. ನಾಟಾಲಿನ ಚಾಲಕರು ಹೊರಡುವ ಮುನ್ನ ಪ್ರಯಾಣಿಕನನ್ನು ಕೇಳುವ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ: ಉದ್ವೇಗ ಸಹಿತವಾಗಿ ಹೋಗೋಣವೋ, ರಹಿತವಾಗಿ ಹೋಗೋಣವೋ? ಸಹಿತವೆಂದರೆ ದಿಬ್ಬದ ನೆತ್ತಿಯಿಂದ ಕಡಿದಾಗಿ ಇಳಿಸುವರು. ವಿನೋದದ ಮಾತು ನಿಜ. ಪ್ರಯಾಣಿಕನ ಮನಸ್ಸನ್ನು ಕೇಳುವ ಸೌಜನ್ಯವೂ ಅದರಲ್ಲಿದೆ. ಆದರೆ ಅಲ್ಲಿ ಕೇಳಿದ್ದು ಪ್ರಯಾಣಿಕನೊಬ್ಬನನ್ನೇ. ಮರಳಿಗೂ ಸಂಸಾರವಿದೆ. ಕಾಳಿ ಸಮುದ್ರ ಸೇರುವ ನಮ್ಮದೇ ಕರಾವಳಿಯನ್ನು ತೆಗೆದುಕೊಂಡರೆ, ಅದರ ದಂಡೆಯ ಮರಳಿನಲ್ಲಿ ಕಡಲಾಮೆಗಳು ರಾತ್ರಿ ಬಂದು ಕುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚಿ ಹೋಗುವುವು. ಮೇಲಿನಿಂದ ನೋಡಿದವನಿಗೆ ಅದು ಬರಿಯ ಬಯಲು. ಹಾದುಹೋದ ಚಕ್ರಕ್ಕೆ ತಾನೇನು ಮಾಡಿದೆನೆಂಬುದು ತಿಳಿಯುವುದೇ ಇಲ್ಲ. ಹಳಿಯಾಳದ ಜೀಪೂ ನಾಟಾಲಿನ ಬಗ್ಗಿಯೂ ಈ ವಿಷಯದಲ್ಲಿ ಒಂದೇ ಜಾತಿ. ಕೂತವನು ಎತ್ತರದಲ್ಲಿರುವನು, ನೆಲ ದೂರದಲ್ಲಿರುವುದು.

ಹಾಗಾದರೆ ಚಕ್ಕಡಿಯಲ್ಲಿ ಹೋಗುವವನು ಪುಣ್ಯವಂತನೇ? ಮಾಘಮಾಸದಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಉಳವಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಮೊದಲಾದ ಕಡೆಗಳಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು, ಬುತ್ತಿಯ ಗಂಟಿನೊಡನೆ, ದಿನಗಟ್ಟಲೆ ನಡೆದು ಹೋಗುವ ರೂಢಿ ಇಂದಿಗೂ ಇದೆ. ಹಿರಿಯರು ಅದನ್ನು ಹೊಗಳಿ ಜೀಪನ್ನು ತೆಗಳುವುದುಂಟು. ಈ ತೀರ್ಪು ಅವಸರದ್ದು. ಎತ್ತನ್ನು ಓಟಕ್ಕೆ ಬಿಟ್ಟು ಬೆನ್ನಿಗೆ ಬಾಸುಂಡೆ ಬರಿಸಿದವನೂ, ಬೀಡುಬಿಟ್ಟಲ್ಲಿ ಹಸಿಮರ ಕಡಿದು ಒಲೆ ಹೂಡಿದವನೂ, ಪ್ಲಾಸ್ಟಿಕ್ಕಿನ ತಾಟು ಲೋಟಗಳನ್ನು ಹಳ್ಳಕ್ಕೆಸೆದು ಹರಹರ ಎಂದು ಮುಂದೆ ನಡೆದವನೂ ಅದೇ ಚಕ್ಕಡಿಗಳಲ್ಲಿರುವರು. ಮೋಳಿಗೆಯ ಮಾರಯ್ಯನು ಕಾಡಿನಿಂದ ಕಟ್ಟಿಗೆ ತಂದು ಮಾರಿ ಜಂಗಮದಾಸೋಹ ನಡೆಸಿದನು. ಅವನೂ ಕಾಡಿನಿಂದ ತೆಗೆದುಕೊಂಡವನೇ. ಆದರೆ ಅಂದಂದಿನ ಹೊರೆ ಅಂದಂದಿಗೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಒಲೆಯ ಮೇಲೇರಿಸಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಗಂಡನನ್ನು ಕಳುಹಿದಳು. ಆ ಅಕ್ಕಿ ಕದ್ದದ್ದಲ್ಲ. ನೆಲದಲ್ಲಿ ಬಿದ್ದದ್ದು, ಯಾರೂ ಬೇಡವೆನ್ನದಿದ್ದದ್ದು. ಆದರೂ ಅದು ಆ ದಿನಕ್ಕೆ ತಕ್ಕುದಾಗಿರಲಿಲ್ಲ. ಕಣ್ಣಿಗೂ ಇಂಥ ಒಬ್ಬ ಲಕ್ಕಮ್ಮ ಬೇಕು. ಜಿಂಕೆ ಕಂಡಿತು, ಕಾಡುಕೋಣ ಕಂಡಿತು, ಮರದಲ್ಲಿ ಮಂಗಟ್ಟೆ ಕಂಡಿತು; ಆ ದಿನಕ್ಕೆ ಬಂದದ್ದು ಅಷ್ಟು.

ಕಾಡಿನ ಮನುಷ್ಯರ ವಿಷಯದಲ್ಲಿಯೂ ಕಣ್ಣಿನ ಈ ಅತ್ಯಾಶೆ ಕಾಣುವುದು. ಹಳಿಯಾಳ, ಮುಂಡಗೋಡ, ಜೋಯಿಡಾ ತಾಲೂಕುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರು ಆಫ್ರಿಕದಿಂದ ಬಂದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕುಣಬಿಗಳಿದ್ದಾರೆ, ದನಕರು ಕಾಯುವ ಗೌಳಿಗಳಿದ್ದಾರೆ. ಇವರ ಅಂಗಳದ ಮುಂದೆ ವಾಹನ ನಿಲ್ಲಿಸಿ, ಹೆಸರು ಕೇಳದೆ ಮುಖದ ಚಿತ್ರ ತೆಗೆಯುವುದೂ, ಒಂದಿಷ್ಟು ಕುಣಿದು ತೋರಿಸಿರೆನ್ನುವುದೂ ನಡೆದಿದೆ. ಬಾಗಿಲಿಗೆ ಬಂದವರನ್ನು ಆದರಿಸುವುದು ಶರಣಧರ್ಮವೆಂದು ಹೇಳುವ ಮನೆತನದವರು, ತಾವೇ ಇನ್ನೊಬ್ಬರ ಬಾಗಿಲಿಗೆ ಹೋದಾಗ ಬಂದವರು ತಾವೆಂಬುದನ್ನು ಮರೆತರೆ ಏನೆನ್ನಬೇಕು? 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು; ತಾಲೂಕಿನ ಠಾಣ್ಯ ಜೋಯಿಡಾಕ್ಕೆ ಹೋಯಿತು; ಬಹಳ ಜನರಿಗೆ ರಾಮನಗರದಲ್ಲಿ ನೆಲೆಯಾಯಿತು. ಗಣೇಶಗುಡಿಯ ದೋಣಿಯಾಟಕ್ಕೆ ರಭಸ ಕೊಡುವುದು ಆ ಅಣೆಕಟ್ಟಿನಿಂದ ಬಿಟ್ಟ ನೀರು. ಆಡುವವರು ಆಡಲಿ. ದೋಣಿ ನಡೆಸುವವನಿಗೆ “ನಿನ್ನ ಊರು ಯಾವುದಪ್ಪಾ?” ಎಂದು ಕೇಳುವುದಕ್ಕೆ ಹೆಚ್ಚಿನ ಬಾಡಿಗೆಯೇನೂ ಬೀಳದು.

ನಿದರ್ಶನದ ಗೃಹಸ್ಥನು ಸಂಜೆ ಉಳವಿಯನ್ನು ಮುಟ್ಟಿದನು. ದಾರಿಯಲ್ಲಿ ಅವನು ಮಾತಾಡಿರಲಿಲ್ಲ. ಸಿಟ್ಟು ಅಷ್ಟು ಬೇಗ ಇಳಿಯುವ ಪದಾರ್ಥವಲ್ಲ. ಚನ್ನಬಸವಣ್ಣನ ಗದ್ದುಗೆಗೆ ನಮಿಸಿ ಹೊರಗೆ ಬಂದು ದಾಸೋಹಕ್ಕೆ ಹೋಗುವಾಗ ಚಾಲಕನು ರೂಢಿಯಂತೆ ಜೀಪಿನ ಬಳಿಯೇ ನಿಂತಿದ್ದನು. ಗೃಹಸ್ಥನು ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ಬಂದನು. ಏನು ಹೇಳಬೇಕೆಂಬುದು ತಿಳಿಯಲಿಲ್ಲವೆಂದು ತೋರುತ್ತದೆ. “ಬಾರಪಾ, ಉಣ್ಣೂಣು,” ಎಂದನು. ಚಾಲಕನು ಸಂಕೋಚಪಟ್ಟುಕೊಂಡು, ಕಾಲು ತೊಳೆದು ಬಂದು ಮುದುಕಿಯ ಪಕ್ಕದಲ್ಲಿ ಪಂಕ್ತಿಯಲ್ಲಿ ಕುಳಿತನು. ಅನ್ನ ಬಡಿಸಿಯಾಯಿತು, ಸಾರು ಬಂದಿತು.

ಹುಡುಗನು ಅಜ್ಜಿಯ ತೊಡೆಯ ಮೇಲಿಂದ ಬಾಗಿ ಚಾಲಕನನ್ನು ಕೇಳಿದನು: “ಅಣ್ಣಾ, ಅಕೀದು ಊಟ ಆಗಿರತೈತೇನು?”

“ನಾವ್ ಹೊಂಟ ಮ್ಯಾಲ ಅಂವ ಬಂದಿರತಾನ ತಮ್ಮಾ,” ಎಂದು ಹೇಳಿ ಚಾಲಕನು ತುತ್ತಿಗೆ ಕೈ ಹಾಕಿದನು.